ಅಚ್ಚಾಗಿದೆ, ಜಾರಿಯಾಗಿಲ್ಲ: ಸಣ್ಣ ಸಾಲಗಾರರ ದಿವಾಳಿ ಕಾನೂನಿನ ಬಗ್ಗೆ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಕೇಂದ್ರ ಹಣಕಾಸು ಹಾಗೂ ಕಾರ್ಪೊರೇಟ್ ವ್ಯವಹಾರಗಳ ಸಚಿವರು,
ನವದೆಹಲಿ.

ಪ್ರತಿ: ಅಧ್ಯಕ್ಷರು, ಭಾರತೀಯ ದಿವಾಳಿ ಮಂಡಳಿ (ಐಬಿಬಿಐ); ಕಾನೂನು ಸಚಿವರು, ಕರ್ನಾಟಕ ಸರ್ಕಾರ.

ವಿಷಯ: 2016ರ ದಿವಾಳಿ ಸಂಹಿತೆಯ ಮೂರನೇ ಭಾಗವನ್ನು ಸಣ್ಣ ಸಾಲಗಾರರಿಗೆ ಜಾರಿ ಮಾಡುವುದು, ಜಾರಿಗೆ ಮುನ್ನ ಅದರ ಮಿತಿಗಳನ್ನು ತಿದ್ದುವುದು.

ಮಾನ್ಯ ಸಚಿವರೇ,

2016ರ ಮೇ 28ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ದಿವಾಳಿ ಸಂಹಿತೆಯಲ್ಲಿ ಸಾಲಗಾರರು ಎರಡು ಬಗೆ. ಎರಡನೇ ಭಾಗದಲ್ಲಿ ಕಂಪನಿಗಳಿವೆ, ಮೂರನೇ ಭಾಗದಲ್ಲಿ ಮನುಷ್ಯರಿದ್ದಾರೆ. ಕಂಪನಿಗಳ ಪಾರುಗಾಣಿಕೆಯ ಪ್ರಕ್ರಿಯೆ ಅದೇ ವರ್ಷದ ಡಿಸೆಂಬರ್ 1ಕ್ಕೆ ಜಾರಿಗೆ ಬಂತು. ಮನುಷ್ಯರಿಗಾಗಿ ಬರೆದ ಕಲಂ 78ರಿಂದ 187ರವರೆಗಿನ ನೂರಹತ್ತು ಕಲಂಗಳು ಮಾತ್ರ ಪುಸ್ತಕದಲ್ಲೇ ಉಳಿದಿವೆ. ಅವುಗಳಲ್ಲಿ ಹೆಚ್ಚಿನವನ್ನು ಒಂದೇ ಒಂದು ವರ್ಗಕ್ಕೆ ಮಾತ್ರ ಅನ್ವಯಿಸಿ 2019ರ ಡಿಸೆಂಬರ್ 1ರಿಂದ ಜಾರಿ ಮಾಡಲಾಯಿತು: ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರು. ಬ್ಯಾಂಕಿನ ವಸೂಲಿಗೆ ಬೇಕಾದ ಬಾಗಿಲು ತೆರೆಯಿತು. ಸಾಲದಿಂದ ಹೊರಗೆ ಬರಲು ಬಡವನಿಗೆ ಬೇಕಿದ್ದ ಬಾಗಿಲಿಗೆ ಹಾಕಿದ ಬೀಗ ಹಾಗೇ ಇದೆ.

ಈ ಆಯ್ದ ಜಾರಿ ಕಾನೂನಿಗೆ ವಿರುದ್ಧ ಎಂದು ನಾನು ಹೇಳುತ್ತಿಲ್ಲ. ಕಲಂ 1(3) ಬೇರೆ ಬೇರೆ ಕಲಂಗಳಿಗೆ ಬೇರೆ ಬೇರೆ ದಿನ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 2021ರ ಮೇ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜಾಮೀನುದಾರರ ಅಧಿಸೂಚನೆಯನ್ನು ಎತ್ತಿಹಿಡಿದಿದೆ. ಅಧಿಕಾರ ಇದೆಯೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ಅಧಿಕಾರವನ್ನು ಯಾರಿಗೆ ಮೊದಲು ಬಳಸಿದಿರಿ, ಯಾರನ್ನು ಇಷ್ಟು ವರ್ಷ ಕಾಯಿಸಿದಿರಿ ಎಂಬ ಪ್ರಶ್ನೆ ಉಳಿದಿದೆ. ಅದು ನ್ಯಾಯಾಲಯಕ್ಕೆ ಕೇಳುವ ಪ್ರಶ್ನೆಯಲ್ಲ, ನಿಮಗೆ ಕೇಳುವ ಪ್ರಶ್ನೆ. ರಾಜ್ಯಸಭೆಯಲ್ಲಿ ನೀವು ಪ್ರತಿನಿಧಿಸುವುದು ಕರ್ನಾಟಕವನ್ನೇ ಆದ್ದರಿಂದ ಕನ್ನಡದಲ್ಲೇ ಕೇಳುತ್ತಿದ್ದೇನೆ.

ಕಂಪನಿಗೆ ಈ ಸಂಹಿತೆ ಏನು ಕೊಡುತ್ತದೆ ನೋಡಿ. ಸುಸ್ತಿ, ಅಂದರೆ ಕಟ್ಟದೆ ಉಳಿದ ಬಾಕಿ, ಒಂದು ಕೋಟಿ ರೂಪಾಯಿ ಮುಟ್ಟಿದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ) ಅರ್ಜಿ ಹಾಕಬಹುದು. 2020ರ ಮಾರ್ಚ್ 24ರವರೆಗೆ ಒಂದು ಲಕ್ಷ ಸಾಕಿತ್ತು. ಅರ್ಜಿ ಅಂಗೀಕಾರವಾದ ಕ್ಷಣದಿಂದ ಕಲಂ 14ರ ತಡೆ ಬೀಳುತ್ತದೆ. ದಾವೆ, ಜಪ್ತಿ, ಹರಾಜು ಎಲ್ಲವೂ ನಿಲ್ಲುತ್ತವೆ. ವ್ಯಾಜ್ಯದ ಕಾಲವೂ ಸೇರಿ 330 ದಿನದೊಳಗೆ ಒಂದು ಯೋಜನೆ ಒಪ್ಪಿಗೆಯಾಗಬೇಕು. ಒಪ್ಪಿಗೆಯಾದರೆ, ಆ ಯೋಜನೆಯಲ್ಲಿ ಇಲ್ಲದ ಹಳೆಯ ಬಾಕಿಗಳೆಲ್ಲ, ಸರ್ಕಾರದ ತೆರಿಗೆ ಬಾಕಿಯೂ ಸೇರಿ, ನಂದಿಹೋಗುತ್ತವೆ ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆಡಳಿತ ಕೈ ಬದಲಾದರೆ ಹಳೆಯ ಅಪರಾಧದ ಹೊಣೆಯಿಂದಲೂ ಕಂಪನಿಗೆ ಕಲಂ 32ಎ ಬಿಡುಗಡೆ ಕೊಡುತ್ತದೆ. ಇದರಲ್ಲಿ ಸಣ್ಣ ಪೂರೈಕೆದಾರನ ಪಾಲಿಗೆ ಎಷ್ಟೋ ಸಲ ಸೊನ್ನೆ ಬರುತ್ತದೆ, ಅದು ಬೇರೆಯೇ ಪತ್ರದ ಮಾತು. ಆದರೂ ತತ್ವ ಸರಿಯಾಗಿದೆ ಎಂದೇ ನಾನು ನಂಬುತ್ತೇನೆ. ತೀರಿಸಲಾಗದ ಸಾಲವನ್ನು ಪುಸ್ತಕದಲ್ಲಿ ಹೊತ್ತುಕೊಂಡು ಯಾರೂ ಬದುಕಲಾರರು. ಒಂದು ಹಂತದಲ್ಲಿ ಲೆಕ್ಕ ಮುಗಿಸಿ ಮುಂದೆ ಹೋಗಬೇಕು. ಟಿ. ಕೆ. ವಿಶ್ವನಾಥನ್ ನೇತೃತ್ವದ ಸಮಿತಿ 2015ರ ನವೆಂಬರ್‌ನಲ್ಲಿ ಕೊಟ್ಟ ವರದಿ ಈ ತತ್ವವನ್ನು ಕಂಪನಿಗೂ ವ್ಯಕ್ತಿಗೂ ಒಟ್ಟಿಗೇ ಹೇಳಿತ್ತು. ಕಾನೂನೂ ಒಟ್ಟಿಗೇ ಬಂತು. ಜಾರಿ ಮಾತ್ರ ಒಟ್ಟಿಗೆ ಆಗಲಿಲ್ಲ.

ಹಾಗಾದರೆ ಕರ್ನಾಟಕದ ಒಬ್ಬ ಸಣ್ಣ ಸಾಲಗಾರನಿಗೆ ಇವತ್ತು ಇರುವ ದಾರಿ ಯಾವುದು? 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಹಳ್ಳಿಯ ಬಾಯಲ್ಲಿ ‘ಪಾಪರ್ ಚೀಟಿ’ ಎಂದು ಇವತ್ತಿಗೂ ಬೈಗುಳದಂತೆ ಉಳಿದಿರುವುದು ಈ ಜಾತಿಯ ಕಾನೂನಿನ ನೆನಪೇ. ಮುಂಬೈ, ಚೆನ್ನೈ, ಕೋಲ್ಕತ್ತ ನಗರಗಳಿಗೆ ಇನ್ನೂ ಹಳೆಯದಾದ 1909ರ ಕಾಯ್ದೆ ಇದೆ. ಎರಡನ್ನೂ ರದ್ದುಮಾಡುವ ಕಲಂ 243 ದಿವಾಳಿ ಸಂಹಿತೆಯಲ್ಲೇ ಇದೆ. ಅದೂ ಜಾರಿಯಾಗಿಲ್ಲ.

1920ರ ಕಾಯ್ದೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಅನೇಕರು ಅದನ್ನು ಹೆಸರಿನಲ್ಲಿ ಮಾತ್ರ ಬಲ್ಲರು. ಸಾಲಗಾರ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಅಧಿಕಾರ ಕೊಟ್ಟಿರುವ ಅಧೀನ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಕಲಂ 10ರ ಪ್ರಕಾರ ಅವನ ಸಾಲ 500 ರೂಪಾಯಿ ಮುಟ್ಟಿರಬೇಕು, ಇಲ್ಲವೇ ಡಿಕ್ರಿಯ (ಹಣ ಕಟ್ಟಬೇಕೆಂಬ ನ್ಯಾಯಾಲಯದ ಆದೇಶದ) ಅಮಲಿನಲ್ಲಿ ಅವನ ಬಂಧನವೋ ಆಸ್ತಿಯ ಜಪ್ತಿಯೋ ಆಗಿರಬೇಕು. ಮೂಲ ಪಠ್ಯದಲ್ಲಿರುವ ಆ 500 ರೂಪಾಯಿ ಅಂದಿನ ಕಾಲಕ್ಕೆ ದೊಡ್ಡ ಮೊತ್ತ. ಅರ್ಜಿಯಲ್ಲಿ ಪ್ರತಿಯೊಬ್ಬ ಸಾಲಿಗನ (ಸಾಲ ಕೊಟ್ಟವನ) ಹೆಸರು, ವಾಸಸ್ಥಳ, ಬಾಕಿ ಮೊತ್ತ, ತನ್ನ ಆಸ್ತಿಯ ಪಟ್ಟಿ, ಅದರ ಬೆಲೆ, ಅದು ಎಲ್ಲಿದೆ ಎಂಬುದು, ಹಿಂದೆ ಇಂಥ ಅರ್ಜಿ ಹಾಕಿದ್ದರೆ ಅದರ ವಿವರ, ಎಲ್ಲವನ್ನೂ ಬರೆಯಬೇಕು. ನೋಟಿಸು, ವಿಚಾರಣೆ ಮುಗಿದು ನ್ಯಾಯಾಲಯ ದಿವಾಳಿ ಎಂದು ಘೋಷಿಸಿದರೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸುವ ರಿಸೀವರನ ವಶಕ್ಕೆ ಹೋಗುತ್ತದೆ.

ಎಡವಟ್ಟಾಗುವುದು ಇಲ್ಲಿಂದ ಮುಂದೆ. ದಿವಾಳಿ ಎಂಬ ಘೋಷಣೆಯೇ ಬಿಡುಗಡೆ ಅಂತ ಜನ ತಿಳಿಯುತ್ತಾರೆ. ಅದು ಬಿಡುಗಡೆಯಲ್ಲ. ಘೋಷಣೆಯ ಆದೇಶದಲ್ಲೇ ನ್ಯಾಯಾಲಯ ಒಂದು ಅವಧಿ ಗೊತ್ತುಮಾಡಿರುತ್ತದೆ. ಅಷ್ಟರೊಳಗೆ ಋಣಮುಕ್ತಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ವಕೀಲರಿಗೆ ಎರಡನೇ ಸಲ ಫೀಸು ಕೊಡಲಾರದೆ, ಅಥವಾ ಹಾಗೊಂದು ಅರ್ಜಿ ಬೇಕೆಂಬುದೇ ತಿಳಿಯದೆ ಅವಧಿ ಮೀರಿತೆನ್ನಿ. ಕಲಂ 43ರ ಪ್ರಕಾರ ಘೋಷಣೆಯೇ ರದ್ದಾಗುತ್ತದೆ. ಆಸ್ತಿ ಹೋಗಿರುತ್ತದೆ, ಸಾಲ ವಾಪಸು ಬಂದಿರುತ್ತದೆ. ಅರ್ಜಿ ಹಾಕಿದವನಿಗೂ ಕಲಂ 42 ಅಡ್ಡ ನಿಲ್ಲುತ್ತದೆ: ಭದ್ರತೆಯಿಲ್ಲದ ಸಾಲದ ಮೊತ್ತಕ್ಕೆ ಅವನ ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ ಪೂರ್ಣ ಬಿಡುಗಡೆ ನಿರಾಕರಿಸಬೇಕು, ಹಾಗಾಗಿದ್ದು ತನ್ನ ತಪ್ಪಿನಿಂದಲ್ಲ ಎಂದು ಅವನು ಒಪ್ಪಿಸದ ಹೊರತು. ಕೈಯಲ್ಲಿ ಅರ್ಧ ಸಾಲ ತೀರಿಸುವಷ್ಟು ಆಸ್ತಿ ಇದ್ದವನು ಮೊದಲಿಗೇ ಈ ಮೆಟ್ಟಿಲು ಹತ್ತುತ್ತಿರಲಿಲ್ಲ. ಆಣೆಯ ಲೆಕ್ಕ 1957ರಲ್ಲಿ ದೇಶದ ನಾಣ್ಯದಿಂದ ಹೋಯಿತು, ಸಾಲಗಾರನ ಕಾನೂನಿನಿಂದ ಹೋಗಿಲ್ಲ.

ಇನ್ನು ಅರ್ಜಿಯನ್ನೇ ಹಾಕದವನ ಗತಿ. ಡಿಕ್ರಿ ಪಡೆದ ಸಾಲಿಗ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 51ರಡಿ ಸಾಲಗಾರನನ್ನು ಸಿವಿಲ್ ಜೈಲಿಗೆ ಕಳುಹಿಸಲು ಕೇಳಬಹುದು. ಡಿಕ್ರಿ 5,000 ರೂಪಾಯಿ ಮೀರಿದ್ದರೆ ಮೂರು ತಿಂಗಳವರೆಗೆ ಇಡಬಹುದು. ಅವನ ಊಟದ ಬತ್ತೆಯನ್ನು ಸಾಲಿಗನೇ ನ್ಯಾಯಾಲಯಕ್ಕೆ ಕಟ್ಟಬೇಕು. ಮೂರು ತಿಂಗಳು ಕಳೆದು ಹೊರಬಂದರೂ, ಅದೇ ಡಿಕ್ರಿಗೆ ಮತ್ತೆ ಬಂಧಿಸುವಂತಿಲ್ಲ ಎಂಬುದನ್ನು ಬಿಟ್ಟರೆ ಸಾಲ ಒಂದು ರೂಪಾಯಿಯೂ ಇಳಿಯುವುದಿಲ್ಲ. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಕೇವಲ ಬಡತನದಿಂದ ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದಿತು. ತಾನು ಬೇಕೆಂದೇ ಕೊಡದವನಲ್ಲ, ಕೊಡಲಾರದವನು ಎಂದು ತೋರಿಸಿಕೊಳ್ಳುವುದು ಕೂಲಿ ಬಿಟ್ಟು ಕೋರ್ಟಿಗೆ ಬರುವವನಿಗೆ ಸುಲಭವಲ್ಲ. ಅದೇ ಸಿವಿಲ್ ಸಂಹಿತೆಯ ಕಲಂ 55 ಇನ್ನೊಂದು ಮಾತು ಹೇಳುತ್ತದೆ: ಹಣದ ಡಿಕ್ರಿಗಾಗಿ ಬಂಧಿಸಿ ತಂದವನಿಗೆ ‘ನೀನು ದಿವಾಳಿ ಅರ್ಜಿ ಹಾಕಬಹುದು’ ಎಂದು ನ್ಯಾಯಾಲಯವೇ ತಿಳಿಸಬೇಕು. ಈಗ ಹಾಗೆ ತಿಳಿಸಿದರೆ ನ್ಯಾಯಾಧೀಶರು ಅವನನ್ನು ಕಳುಹಿಸುವುದು ಎಲ್ಲಿಗೆ? ಎಂಟಾಣೆಯ ಕಾಯ್ದೆಗೆ.

ಇಷ್ಟೆಲ್ಲ ಗೊತ್ತಿದ್ದೇ ಸಂಹಿತೆಯ ಮೂರನೇ ಭಾಗದಲ್ಲಿ ‘ಹೊಸ ಆರಂಭ’ ಎಂಬ ಅಧ್ಯಾಯ ಬರೆದರು. ಓದಲು ಚೆನ್ನಾಗಿದೆ. ಸಾಲಗಾರ ತಾನೇ ಅಥವಾ ಇಂಥ ಪ್ರಕರಣ ನಡೆಸಲು ನೋಂದಣಿ ಪಡೆದ ಒಬ್ಬ ದಿವಾಳಿ ವೃತ್ತಿಪರನ ಮೂಲಕ ಅರ್ಜಿ ಹಾಕುತ್ತಾನೆ. ಅಂದಿನಿಂದಲೇ ಮಧ್ಯಂತರ ತಡೆ ಶುರು. ವೃತ್ತಿಪರ ಹತ್ತು ದಿನದಲ್ಲಿ ಪರಿಶೀಲಿಸಿ ವರದಿ ಕೊಡಬೇಕು, ಹದಿನಾಲ್ಕು ದಿನದಲ್ಲಿ ನ್ಯಾಯಮಂಡಳಿ ಒಪ್ಪಬೇಕು ಇಲ್ಲವೇ ತಿರಸ್ಕರಿಸಬೇಕು. ಒಪ್ಪಿದರೆ 180 ದಿನ ಯಾರೂ ವಸೂಲಿಗೆ ಬರುವಂತಿಲ್ಲ. ಆಕ್ಷೇಪ ಇರುವ ಸಾಲಿಗ ಆದೇಶ ಕೈಸೇರಿದ ಹತ್ತು ದಿನದಲ್ಲಿ ಹೇಳಬೇಕು. ಕೊನೆಗೆ ಅರ್ಹ ಸಾಲಗಳು (ಈ ಬಿಡುಗಡೆಗೆ ಕಾನೂನು ಒಪ್ಪುವ ಸಾಲಗಳು), ಅವುಗಳ ಬಡ್ಡಿ, ದಂಡ ಸಮೇತ ರದ್ದು. ಆರೇಳು ತಿಂಗಳಲ್ಲಿ ಒಬ್ಬ ಮನುಷ್ಯ ತಲೆಯೆತ್ತಿ ನಡೆಯಬಹುದು.

ಈಗ ಕಲಂ 80ರ ಅರ್ಹತೆ ನೋಡಿ. ವಾರ್ಷಿಕ ಒಟ್ಟು ಆದಾಯ 60,000 ರೂಪಾಯಿ ಮೀರಬಾರದು. ಆಸ್ತಿ 20,000 ಮೀರಬಾರದು. ಅರ್ಹ ಸಾಲ 35,000 ಮೀರಬಾರದು. ಸ್ವಂತ ಮನೆ ಇರಲೇಬಾರದು, ಅದು ಅಡವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 60,000 ಅಂದರೆ ತಿಂಗಳಿಗೆ 5,000. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ವರ್ಷಕ್ಕೆ 163 ದಿನ ದುಡಿದವನ ಆದಾಯ ಈ ಮಿತಿ ದಾಟುತ್ತದೆ. ವರ್ಷದ ಅರ್ಧ ದಿನವೂ ಕೂಲಿ ಸಿಗದವನು ಮಾತ್ರ ಬಡವ ಎಂದ ಹಾಗಾಯಿತು. ಇನ್ನೊಂದು ಕಡೆ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಲ್ಲಿ ವರ್ಷಕ್ಕೆ 3 ಲಕ್ಷದವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಭದ್ರತೆರಹಿತ ಸಾಲವನ್ನು ಮೈಕ್ರೋಫೈನಾನ್ಸ್ ಸಾಲ ಎನ್ನುತ್ತದೆ. ಒಂದು ಕುಟುಂಬದ್ದು, ಇನ್ನೊಂದು ಒಬ್ಬ ವ್ಯಕ್ತಿಯದು, ನಿಜ. ಆದರೂ ಸಾಲ ಕೊಡುವಾಗ ಬಡವ ಎನ್ನಲು ಒಂದು ಅಳತೆ, ಸಾಲದಿಂದ ಬಿಡಿಸುವಾಗ ಬೇರೆ ಅಳತೆ.

ಒಂದು ಉದಾಹರಣೆ ಹಿಡಿದು ನೋಡೋಣ. ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ತಿಂಗಳ ದುಡಿಮೆ 8,000. ಎರಡು ಮೈಕ್ರೋಫೈನಾನ್ಸ್ ಸಾಲದಲ್ಲಿ 42,000 ಮತ್ತು 28,000 ಬಾಕಿ, ಕೈಸಾಲ 25,000. ಮನೆಯಲ್ಲಿ ಒಂದು ಹೊಲಿಗೆ ಯಂತ್ರ, ಕೊರಳಲ್ಲಿ ನಾಲ್ಕು ಗ್ರಾಂ ತಾಳಿ. ಇರುವುದು ಸರ್ಕಾರದ ವಸತಿ ಯೋಜನೆಯಲ್ಲಿ ಅವಳ ಹೆಸರಿಗೇ ಬಂದ ಮನೆ. ಆದಾಯ ವರ್ಷಕ್ಕೆ 96,000, ಅನರ್ಹ. ಸಾಲ 95,000, ಅನರ್ಹ. ಈಗಿನ ಚಿನ್ನದ ಬೆಲೆಯಲ್ಲಿ ಆ ತಾಳಿಯೊಂದೇ 20,000 ದಾಟುತ್ತದೆ. ಕಲಂ 79ರ ವ್ಯಾಖ್ಯೆಯಲ್ಲಿ ಕಸುಬಿನ ಸಲಕರಣೆ, ಮನೆಯ ಪಾತ್ರೆಪಡಗ, ಧಾರ್ಮಿಕ ರೂಢಿಯಂತೆ ಬಿಟ್ಟುಕೊಡಲಾಗದ ಆಭರಣ ಇವೆಲ್ಲ ‘ಹೊರಗಿಟ್ಟ ಆಸ್ತಿ’ ಎಂದೇನೋ ಇದೆ. ಕಲಂ 80 ಮಾತ್ರ ‘ಸಾಲಗಾರನ ಆಸ್ತಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. 20,000 ಲೆಕ್ಕ ಹಾಕುವಾಗ ಯಂತ್ರವನ್ನೂ ತಾಳಿಯನ್ನೂ ಕಳೆಯಬೇಕೋ ಬೇಡವೋ ಎಂದು ಎದುರು ವಕೀಲ ವಾದ ಹೂಡಲು ಅಷ್ಟು ಸಾಕು.

ಎಲ್ಲಕ್ಕಿಂತ ನೋವಿನದು ಮನೆಯ ಷರತ್ತು. ಆಶ್ರಯ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್, ಹೆಸರು ಯಾವುದಾದರೂ ಇರಲಿ, ಬಡವರಿಗೆ ಮನೆ ಕಟ್ಟಿಕೊಡುವುದನ್ನು, ಅದನ್ನು ಹೆಣ್ಣುಮಕ್ಕಳ ಹೆಸರಿಗೆ ಮಾಡುವುದನ್ನು ನಿಮ್ಮ ಸರ್ಕಾರವೂ ರಾಜ್ಯ ಸರ್ಕಾರವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ನೆರವು. ಆ ಹಕ್ಕುಪತ್ರ ಕೈಗೆ ಬಂದ ದಿನವೇ ಆಕೆ ‘ಹೊಸ ಆರಂಭ’ಕ್ಕೆ ಅನರ್ಹಳಾದಳು. ಒಂದು ಇಲಾಖೆ ಕೊಟ್ಟ ಸೂರು ಇನ್ನೊಂದು ಇಲಾಖೆಯ ಕಾನೂನಿನಲ್ಲಿ ಅವಳಿಗೇ ಮುಳುವಾಗುತ್ತದೆ. ಇದನ್ನು ಬರೆದವರು ಹಳ್ಳಿಯ ಬಡತನ ನೋಡದೆ ಬರೆದರು ಎಂದು ನನಗೆ ಅನ್ನಿಸುತ್ತದೆ. ಹೊರಗಿನ ದೇಶದ ಬಾಡಿಗೆದಾರ ಬಡವನನ್ನು ಕಣ್ಣಮುಂದೆ ಇಟ್ಟುಕೊಂಡರೆ ಮಾತ್ರ ಇಂಥ ಷರತ್ತು ಹೊಳೆಯುತ್ತದೆ.

ಹೊರಗಿನ ದೇಶ ಎಂದೆ, ಅಲ್ಲಿಯ ಒಂದು ಪಾಠವನ್ನೂ ಹೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥದೇ ಸಣ್ಣ ಸಾಲದ ಬಿಡುಗಡೆ ಆದೇಶ 2009ರಲ್ಲಿ ಬಂತು. ಆಗ ಸಾಲದ ಮಿತಿ 15,000 ಪೌಂಡ್. 2015ರಲ್ಲಿ 20,000, 2021ರಲ್ಲಿ 30,000, 2024ರ ಜೂನ್‌ನಲ್ಲಿ 50,000. ಅರ್ಜಿಗೆ ಇದ್ದ 90 ಪೌಂಡ್ ಶುಲ್ಕವನ್ನು 2024ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು, ಬಡವನಿಗೆ ಆ ಶುಲ್ಕವೇ ಅಡ್ಡಿ ಎಂದು ಕಂಡಿದ್ದರಿಂದ. ಅರ್ಜಿ ತುಂಬಿಕೊಡಲು ಮಾನ್ಯತೆ ಪಡೆದ ಸಲಹೆಗಾರರಿದ್ದಾರೆ. ಅವರು ಶುರುಮಾಡಿ ಮೂರು ಸಲ ಮಿತಿ ಏರಿಸಿದರು. ನಾವು 2016ರಲ್ಲಿ ಬರೆದ ಮಿತಿ ಒಮ್ಮೆಯೂ ಬಳಕೆಯಾಗದೆ ಹಳತಾಗಿದೆ.

ಆದ್ದರಿಂದ ನನ್ನ ಬೇಡಿಕೆ ‘ಇದ್ದುದನ್ನು ಇದ್ದ ಹಾಗೆ ಜಾರಿ ಮಾಡಿ’ ಎಂದಲ್ಲ. ಹಾಗೆ ಮಾಡಿದರೆ ಯಾರೂ ಒಳಗೆ ಹೋಗಲಾರದ ಬಾಗಿಲು ತೆರೆದಂತೆ. ಆಮೇಲೆ ‘ಅರ್ಜಿಗಳೇ ಬರಲಿಲ್ಲ, ಬೇಡಿಕೆಯೇ ಇಲ್ಲ’ ಎಂದು ಒಂದು ವರದಿಯೂ ಬರುತ್ತದೆ.

ಎರಡನೆಯ ತೊಡಕು ಚೆಕ್ಕು. ಸಣ್ಣ ಸಾಲ ಕೊಡುವವರು ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ಕು ಇಸಿದುಕೊಳ್ಳುವುದು ಎಲ್ಲ ಕೋರ್ಟುಗಳೂ ಬಲ್ಲ ಸಂಗತಿ. ಹೆಸರಿನ ಜಾಗ ಖಾಲಿ, ಮೊತ್ತದ ಜಾಗ ಖಾಲಿ, ತಾರೀಖಿನ ಜಾಗ ಖಾಲಿ, ಕೆಳಗೆ ಸಹಿ ಮಾತ್ರ. ಸಹಿಯ ಶಾಯಿ ಒಂದು ಬಣ್ಣ, ಮೇಲಿನ ಬರಹ ಇನ್ನೊಂದು ಬಣ್ಣ ಇರುವ ಚೆಕ್ಕುಗಳು ಸಾಕ್ಷ್ಯದ ಕಡತಗಳಲ್ಲಿ ಸಾಮಾನ್ಯ. ಕಂತು ತಪ್ಪಿದಾಗ ಅದನ್ನು ತುಂಬಿ ಬ್ಯಾಂಕಿಗೆ ಹಾಕುತ್ತಾರೆ. ಅದು ವಾಪಸಾದ ಮಾಹಿತಿ ಬಂದ 30 ದಿನದಲ್ಲಿ ನೋಟಿಸು, ನೋಟಿಸು ತಲುಪಿ 15 ದಿನ ಗಡುವು, ಗಡುವು ಮುಗಿದು ಒಂದು ತಿಂಗಳಲ್ಲಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ದೂರು. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ವಿಚಾರಣೆ ಮುಗಿಯುವ ಮೊದಲೇ ಚೆಕ್ಕಿನ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕಟ್ಟಿಸಬಹುದು. ಕಂಪನಿಗೆ ಕಲಂ 14ರ ತಡೆ ಬಿದ್ದರೆ ಅದರ ಮೇಲಿನ ಚೆಕ್ ಕೇಸೂ ನಿಲ್ಲುತ್ತದೆ ಎಂದು 2021ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಹೇಳಿತು. ಮನುಷ್ಯನ ಮೇಲಿನ ಚೆಕ್ ಕೇಸು ದಿವಾಳಿ ಸಂಹಿತೆಯ ಕಲಂ 96ರ ಮಧ್ಯಂತರ ತಡೆಯಿಂದ ನಿಲ್ಲುವುದಿಲ್ಲ ಎಂದು 2025ರ ಏಪ್ರಿಲ್‌ನಲ್ಲಿ ಹೇಳಿತು. ತೀರ್ಪಿಗೆ ಅದರದೇ ಕಾರಣಗಳಿವೆ. ಸುಳ್ಳು ಚೆಕ್ಕು ಕೊಟ್ಟು ದಿವಾಳಿಯ ಹಿಂದೆ ಅಡಗುವವರೂ ಇದ್ದಾರೆ. ಆದರೆ ಅದೇ ತರ್ಕ ‘ಹೊಸ ಆರಂಭ’ಕ್ಕೂ ಅನ್ವಯವಾದರೆ ಏನಾಗುತ್ತದೆ? ಸಾಲ ರದ್ದಾಗುತ್ತದೆ, ಅದೇ ಸಾಲದ ಚೆಕ್ಕು ಮಾತ್ರ ಜೀವಂತ ಇರುತ್ತದೆ. ಅರ್ಹ ಸಾಲಕ್ಕೆ ಭದ್ರತೆಯಾಗಿ ಪಡೆದ ಚೆಕ್ಕಿನ ಮೇಲಿನ ದೂರು ತಡೆಯ ಅವಧಿಯಲ್ಲಿ ನಿಲ್ಲಬೇಕು, ಸಾಲ ರದ್ದಾದಾಗ ಕೊನೆಗೊಳ್ಳಬೇಕು ಎಂದು ಶಾಸನದಲ್ಲೇ ಒಂದು ಸಾಲು ಬರೆಯದೆ ಈ ಗಂಟು ಬಿಚ್ಚದು.

ಮೂರನೆಯದನ್ನು ದೆಹಲಿಯಲ್ಲಿ ಯಾರೂ ಯೋಚಿಸಿದಂತೆ ಕಾಣದು: ಗುಂಪು ಸಾಲ. ಐದೋ ಹತ್ತೋ ಹೆಣ್ಣುಮಕ್ಕಳ ಗುಂಪಿನಲ್ಲಿ ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕೆಂಬ ಕರಾರು ಇರುತ್ತದೆ. ಕಲಂ 92ರ ಬಿಡುಗಡೆ ಆದೇಶ ಅರ್ಜಿದಾರಳನ್ನು ಬಿಡಿಸುತ್ತದೆ, ಅವಳ ಜೊತೆ ಹೊಣೆ ಹೊತ್ತವರನ್ನು ಬಿಡಿಸುವುದಿಲ್ಲ. ಬ್ಯಾಂಕಿನ ಜಾಮೀನುದಾರನ ವಿಷಯದಲ್ಲಿ ಈ ನಿಯಮ ಸರಿ. ಇಲ್ಲಿ ಅದರ ಪರಿಣಾಮ ಏನೆಂದರೆ, ಒಬ್ಬಳು ಋಣಮುಕ್ತಳಾದ ದಿನ ಅವಳ ಕಂತು ಪಕ್ಕದ ಮನೆಯವಳ ಹೆಗಲಿಗೆ ಬೀಳುತ್ತದೆ. ಬೀದಿಯಲ್ಲಿ ಮುಖ ಕೊಟ್ಟು ಮಾತನಾಡಬೇಕಾದ ಯಾವ ಹೆಣ್ಣು ಅಂಥ ಅರ್ಜಿ ಹಾಕುತ್ತಾಳೆ? ಕಾನೂನು ಅವಕಾಶ ಕೊಟ್ಟರೂ ಮರ್ಯಾದೆ ಬಿಡದು. ಅರ್ಹ ಸಾಲ ಗುಂಪು ಹೊಣೆಯದಾಗಿದ್ದರೆ ಬಿಡುಗಡೆಯಾದ ಪಾಲನ್ನು ಉಳಿದ ಸದಸ್ಯರಿಂದ ವಸೂಲು ಮಾಡುವಂತಿಲ್ಲ, ಆ ನಷ್ಟ ಸಾಲ ಕೊಟ್ಟ ಸಂಸ್ಥೆಯದು ಎಂದು ಸ್ಪಷ್ಟಪಡಿಸಬೇಕು. ಬಡ್ಡಿದರ ನಿಗದಿ ಮಾಡುವಾಗ ಸುಸ್ತಿಯ ಅಪಾಯವನ್ನು ಸಂಸ್ಥೆ ಸೇರಿಸಿಯೇ ಇರುತ್ತದೆ. ಆ ಅಪಾಯದ ಬೆಲೆ ಪಡೆದವರು ಅಪಾಯವನ್ನೂ ಹೊರಬೇಕು.

ಶಿಕ್ಷಣ ಸಾಲದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನ್ಯಾಯಾಲಯದ ದಂಡ, ಜೀವನಾಂಶ ಇವುಗಳ ಪಕ್ಕದಲ್ಲೇ ಶಿಕ್ಷಣ ಸಾಲವನ್ನೂ ಕಲಂ 79 ಎಂದೂ ಬಿಡುಗಡೆಯಾಗದ ಸಾಲಗಳ ಪಟ್ಟಿಗೆ ಹಾಕಿದೆ. ಹೆಂಡತಿಗೆ ಜೀವನಾಂಶ ಕೊಡದವನನ್ನು ಬಿಡಬಾರದು ಎಂಬುದು ಅರ್ಥವಾಗುತ್ತದೆ. ಓದಿ ಕೆಲಸ ಸಿಗದ ಹುಡುಗನನ್ನೂ ಸಹಸಾಲಗಾರನಾದ ಅವನ ಅಪ್ಪನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದು ಅರ್ಥವಾಗುವುದಿಲ್ಲ.

ನಾಲ್ಕನೆಯದು ಜಾಗ. ಮೂರನೇ ಭಾಗದ ಅರ್ಜಿಗಳನ್ನು ಕೇಳಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿ. 1993ರ ಕಾಯ್ದೆಯಡಿ ಬ್ಯಾಂಕುಗಳ ಬಾಕಿ ವಸೂಲಿಗೆಂದೇ ಹುಟ್ಟಿದ ಮಂಡಳಿ ಅದು. ಈಗ 20 ಲಕ್ಷಕ್ಕೆ ಕಡಿಮೆ ಇರುವ ಬ್ಯಾಂಕ್ ದಾವೆಯನ್ನು ಅದು ಮುಟ್ಟುವುದೂ ಇಲ್ಲ. ಕರ್ನಾಟಕಕ್ಕೆ ಅದು ಇರುವುದು ಬೆಂಗಳೂರಿನಲ್ಲಿ. 35,000 ರೂಪಾಯಿ ಸಾಲದ ಬಿಡುಗಡೆಗೆ ಬೀದರಿನ ಕೂಲಿಯವನು ಸುಮಾರು 700 ಕಿಲೋಮೀಟರ್ ದೂರ ಬರಬೇಕು, ಒಳಗೆ ಹೋದರೆ ಇಂಗ್ಲಿಷ್ ಅರ್ಜಿ ನಮೂನೆ ಕೈಗಿಡುತ್ತಾರೆ. ಪ್ರತಿ ತಾಲ್ಲೂಕಿನಲ್ಲಿ ಕಾನೂನು ಸೇವೆಗಳ ಸಮಿತಿ ಇದೆ, ಜಿಲ್ಲೆಯಲ್ಲಿ ಪ್ರಾಧಿಕಾರ ಇದೆ. ‘ಹೊಸ ಆರಂಭ’ದ ಅರ್ಜಿಯನ್ನು ಕನ್ನಡದಲ್ಲಿ ಅಲ್ಲೇ ಬರೆಸಿಕೊಂಡು, ಜಿಲ್ಲಾ ಕೇಂದ್ರದ ಸಿವಿಲ್ ನ್ಯಾಯಾಧೀಶರ ಮುಂದೆಯೇ ತೀರ್ಮಾನಿಸುವ ಏರ್ಪಾಡು ಆಗಬೇಕು. ವೃತ್ತಿಪರನ ಶುಲ್ಕವನ್ನು ಸರ್ಕಾರ ಭರಿಸಬೇಕು. ವರ್ಷಕ್ಕೆ 60,000 ದುಡಿಯುವವನು ಅದನ್ನು ಕಟ್ಟಲಾರ, ಹಣ ಸಿಗದ ಕೆಲಸವನ್ನು ವೃತ್ತಿಪರನೂ ಒಪ್ಪಲಾರ.

ಇಷ್ಟಕ್ಕೆ ಬರುವ ಉತ್ತರ ಗೊತ್ತಿದೆ: ‘ಹೀಗೆ ಬಿಟ್ಟರೆ ಎಲ್ಲರೂ ಕೈ ಎತ್ತುತ್ತಾರೆ, ಸಾಲದ ಶಿಸ್ತು ಕೆಡುತ್ತದೆ.’ ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮಾತು ಕೊಟ್ಟ ಮೇಲೆ ಹಿಂದಿರುಗಿಸಬೇಕು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ, ಗಟ್ಟಿಯಾಗಿಯೇ ಇರಬೇಕು. ಅದಕ್ಕೆ ಬೇಕಾದ ಬೇಲಿಯೂ ಸಂಹಿತೆಯಲ್ಲೇ ಇದೆ. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಮಾಡಿದ ಸಾಲ ಅರ್ಹವಲ್ಲ. ಭದ್ರತೆ ಇರುವ ಸಾಲ ಅರ್ಹವಲ್ಲ. ಹಿಂದಿನ ಹನ್ನೆರಡು ತಿಂಗಳೊಳಗೆ ಒಮ್ಮೆ ಈ ಆದೇಶ ಪಡೆದವನಿಗೆ ಮತ್ತೆ ಇಲ್ಲ. ಬೇಕಿದ್ದರೆ ಈ ಅವಧಿಯನ್ನು ಐದು ವರ್ಷಕ್ಕೆ ಏರಿಸಿ, ನಾನು ಒಪ್ಪುತ್ತೇನೆ. ತಪ್ಪು ಮಾಹಿತಿ ಕೊಟ್ಟರೆ ಶಿಕ್ಷೆ ಇದೆ, ನಡುವೆ ಸುಳ್ಳು ಕಂಡರೆ ಆದೇಶವನ್ನೇ ಹಿಂಪಡೆಯಬಹುದು. ಸಾಲಮನ್ನಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮನ್ನಾ ಒಂದೇ ಏಟಿಗೆ ಎಲ್ಲರದು, ಕಟ್ಟಬಲ್ಲವನದೂ ಸೇರಿ, ಮತ್ತು ಅದರ ಬಿಲ್ಲು ಖಜಾನೆಗೆ. ದಿವಾಳಿಯ ಬಿಡುಗಡೆ ಒಬ್ಬೊಬ್ಬನ ಲೆಕ್ಕ ಬಿಚ್ಚಿ ನೋಡಿ ಕೊಡುವುದು. ಮನ್ನಾ ಬೇಡ ಎನ್ನುವ ಅರ್ಥಶಾಸ್ತ್ರಜ್ಞರು ಇದನ್ನು ಮೊದಲು ಬೆಂಬಲಿಸಬೇಕು.

ಶಿಸ್ತಿನ ಮಾತಿಗೆ ಇನ್ನೊಂದು ಉತ್ತರ ಜಾಮೀನುದಾರರ ಅನುಭವದಲ್ಲಿದೆ. ಜಾಮೀನುದಾರ ತಾನೇ ಕಲಂ 94ರಡಿ ಅರ್ಜಿ ಸಲ್ಲಿಸಿದ ಕೂಡಲೇ ಕಲಂ 96ರ ತಡೆ ತಾನಾಗಿ ಬೀಳುತ್ತದೆ, ಯಾರೂ ಪರಿಶೀಲಿಸುವ ಮೊದಲೇ. ಮನೆಯ ಹರಾಜಿನ ಹಿಂದಿನ ದಿನ ಅರ್ಜಿ ಹಾಕಿ ಹರಾಜು ತಡೆಯುವ ಕಲೆ ದುಬಾರಿ ವಕೀಲರನ್ನು ಇಟ್ಟುಕೊಳ್ಳಬಲ್ಲ ಜಾಮೀನುದಾರರಿಗೆ ಒಲಿದಿದೆ. ದುರ್ಬಳಕೆಯ ಭಯ ಇರುವ ಬಾಗಿಲನ್ನು 2019ರಲ್ಲೇ ತೆರೆದಿರಿ. ದುರ್ಬಳಕೆಗೆ ಹಣವೇ ಇಲ್ಲದವನ ಬಾಗಿಲನ್ನು ದುರ್ಬಳಕೆಯ ಭಯದಿಂದ ಮುಚ್ಚಿಟ್ಟಿದ್ದೀರಿ.

ರಾಜ್ಯ ಸರ್ಕಾರಕ್ಕೂ ಎರಡು ಮಾತು. 2019ರ ಜುಲೈನಲ್ಲಿ ಜಾರಿಗೆ ಬಂದ ಕರ್ನಾಟಕ ಋಣ ಪರಿಹಾರ ಕಾಯ್ದೆ ಖಾಸಗಿ ಲೇವಾದೇವಿಯ ಸಾಲಕ್ಕೆ, ಅದೂ ಒಂದೇ ಸಲಕ್ಕೆ ಸೀಮಿತವಾಗಿತ್ತು. 90 ದಿನದಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟವರಿಗಷ್ಟೇ ಅದು ದಕ್ಕಿತು. 2025ರ ಫೆಬ್ರವರಿ 12ರ ಸುಗ್ರೀವಾಜ್ಞೆ, ಆಮೇಲಿನ ಕಾಯ್ದೆ ಸಾಲಗಾರರಿಗೆ ಕಿರುಕುಳ ಕೊಡುವವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ವಿಧಿಸುತ್ತವೆ. ಒಳ್ಳೆಯದು, ಬೇಕಿತ್ತು. ಆದರೆ ನೋಂದಣಿ ಪಡೆದ ಸಂಸ್ಥೆಯ ಸಾಲ ಸಾಲವಾಗಿಯೇ ಉಳಿಯುತ್ತದೆ. ಬಾಗಿಲು ಬಡಿಯುವವನು ಕಾನೂನಿಗೆ ಹೆದರಿ ಸಭ್ಯನಾಗಬಹುದು, ಸಂಜೆ ಆರರ ನಂತರ ಬರದೇ ಇರಬಹುದು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅದೇ ಮೊತ್ತ ಕೇಳಲು ಬರುತ್ತಾನೆ. ಕಿರುಕುಳ ನಿಲ್ಲಿಸುವುದು ರಾಜ್ಯದ ಕೈಯಲ್ಲಿದೆ, ಸಾಲಕ್ಕೆ ಕಾನೂನುಬದ್ಧ ಕೊನೆ ಕಾಣಿಸುವ ಸಂಹಿತೆ ಕೇಂದ್ರದ ಕೈಯಲ್ಲಿದೆ. ಅದನ್ನು ಜಾರಿ ಮಾಡಿ ಎಂದು ರಾಜ್ಯವು ಕೇಂದ್ರಕ್ಕೆ ಲಿಖಿತವಾಗಿ ಕೇಳಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳನ್ನು ಅದಕ್ಕೆ ಈಗಲೇ ಸಜ್ಜುಗೊಳಿಸಲಿ.

ಸಚಿವರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಕಲಂ 80ರ ಆದಾಯದ ಮಿತಿಯನ್ನು ರಿಸರ್ವ್ ಬ್ಯಾಂಕಿನ ಮೈಕ್ರೋಫೈನಾನ್ಸ್ ಅಳತೆಗೆ ಹೊಂದಿಸಿ, ಸಾಲದ ಮಿತಿಯನ್ನು ಕನಿಷ್ಠ 3 ಲಕ್ಷಕ್ಕೆ ಏರಿಸಿ. ಎರಡನ್ನೂ ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುವ ಹೊಣೆಯನ್ನು ಐಬಿಬಿಐಗೆ ಕೊಡಿ. ಆಸ್ತಿಯ ಲೆಕ್ಕದಿಂದ ಕಸುಬಿನ ಸಲಕರಣೆ, ತಾಳಿ, ಮನೆಸಾಮಾನನ್ನು ಸ್ಪಷ್ಟ ಮಾತಿನಲ್ಲಿ ಹೊರಗಿಡಿ. ಸರ್ಕಾರಿ ವಸತಿ ಯೋಜನೆಯ ಮನೆಯನ್ನು ಅನರ್ಹತೆಯ ಪಟ್ಟಿಯಿಂದ ಇಂದೇ ತೆಗೆಯುವ ನಿರ್ಧಾರ ಮಾಡಿ, ಇದರಲ್ಲಿ ಚರ್ಚಿಸಲು ಏನೂ ಇಲ್ಲ. ಭದ್ರತೆಯ ಚೆಕ್ಕು, ಗುಂಪು ಹೊಣೆ ಇವೆರಡಕ್ಕೂ ಮೇಲೆ ಹೇಳಿದ ತಿದ್ದುಪಡಿ ತನ್ನಿ, ಶಿಕ್ಷಣ ಸಾಲವನ್ನು ಎಂದೂ ಬಿಡುಗಡೆಯಾಗದ ಸಾಲಗಳ ಪಟ್ಟಿಯಿಂದ ತೆಗೆಯಿರಿ. ಅರ್ಜಿ ಜಿಲ್ಲೆಯಲ್ಲೇ, ಆಯಾ ರಾಜ್ಯದ ಭಾಷೆಯಲ್ಲೇ, ಶುಲ್ಕವಿಲ್ಲದೆ ಸಲ್ಲಿಕೆಯಾಗಲಿ. ಇವುಗಳ ಜೊತೆಗೇ ಕಲಂ 243 ಜಾರಿಯಾಗಿ 1909 ಮತ್ತು 1920ರ ಕಾಯ್ದೆಗಳು ಹೋಗಲಿ. ಹೊಸದು ಬರುವ ಮೊದಲೇ ಹಳೆಯದನ್ನು ಮಾತ್ರ ತೆಗೆಯಬೇಡಿ. ಕೆಟ್ಟದಾದರೂ ಕಲಂ 55ರ ಸಾಲಗಾರನಿಗೆ ಜೈಲಿನ ಬಾಗಿಲಲ್ಲಿ ಹಿಡಿಯಲು ಇರುವ ಕೊಂಬೆ ಅದೊಂದೇ.

ಮೂರನೇ ಭಾಗ ಜಾರಿಯಾಗುವುದು ಯಾವಾಗ ಎಂಬುದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬೇಡ. ರಾಜಪತ್ರದಲ್ಲಿ ಪ್ರಕಟವಾಗುವ ಒಂದು ತಾರೀಖನ್ನು ಹೇಳಿ.

ಇಂತಿ ಗೌರವಪೂರ್ವಕವಾಗಿ,
ಸಣ್ಣ ಸಾಲಗಾರರ ಪರವಾಗಿ,
ಕರ್ನಾಟಕದ ಒಬ್ಬ ವಕೀಲ